ಹಾಸ್ಟೆಲ್ಲಿನ ಜಳಕದ ಮನಿ

ವಿದ್ಯಾರ್ಥಿ ನಿಲಯಕ್ಕೆ ಎಂಥ ಬಚ್ಚಲು ಬೇಕು ಎಂಬ ಪ್ರಶ್ನೆ ಕಟ್ಟಡದ ನಕ್ಷೆಯಲ್ಲಿ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಕೋಣೆ, ಅಡುಗೆಮನೆ, ಊಟದ ಹಾಲು, ವಾರ್ಡನ್ನರ ಕಚೇರಿ ಎಲ್ಲಕ್ಕೂ ಗೆರೆ ಎಳೆದಾದ ಮೇಲೆ ಹಿತ್ತಲ ಮೂಲೆಯಲ್ಲಿ ಉಳಿದ ಜಾಗ ಬಚ್ಚಲಿನದು. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳಲ್ಲಿ ಈ ಕ್ರಮ ನಡೆಯುವುದಿಲ್ಲ. ಇಲ್ಲಿ ಮೊದಲು ಕೇಳಬೇಕಾದದ್ದು ನೀರು ಎಲ್ಲಿಂದ ಬರುತ್ತದೆ, ಅದರ ಗುಣ ಎಂಥದ್ದು, ಮೈಮೇಲಿಂದ ಇಳಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು. ಷವರೋ ಬಕೆಟ್ಟೋ, ಕೋಣೆಗೊಂದೋ ಸಾಲಾಗಿಯೋ ಎಂಬ ವಾದಗಳಲ್ಲಿ ಹೆಚ್ಚಿನವು ಈ ಮೂರಕ್ಕೆ ಉತ್ತರ ಸಿಕ್ಕ ಕೂಡಲೇ ತಾವಾಗಿಯೇ ತಣ್ಣಗಾಗುತ್ತವೆ.

ಮೂರು ತಾಲ್ಲೂಕುಗಳಲ್ಲಿ ವಿಶ್ವವಿದ್ಯಾಲಯವೆಂಬುದು ಇಲ್ಲ. ಇರುವುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ನೆರಳಿನಲ್ಲಿ ಬೆಳೆದ ಪದವಿ ಕಾಲೇಜುಗಳು. ಎಂ.ಎ., ಎಂ.ಎಸ್ಸಿ. ಬೇಕೆಂದವರು ಧಾರವಾಡದ ಬಸ್ಸು ಹತ್ತುತ್ತಾರೆ, ಇಲ್ಲವೆ ಗದಗಿನ ಪಕ್ಕದ ನಾಗಾವಿಯಲ್ಲಿರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ಹೋಗುತ್ತಾರೆ. ಪದವಿಗೆ ಹಳ್ಳಿಯಿಂದ ಬಂದ ಹುಡುಗ ಹುಡುಗಿಯರು ಉಳಿಯುವುದು ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ನಿಲಯಗಳಲ್ಲಿ, ಎಲ್ಲರೂ ಬಿಸಿಎಂ ಹಾಸ್ಟೆಲ್ ಎಂದೇ ಕರೆಯುವ ಹಿಂದುಳಿದ ವರ್ಗಗಳ ನಿಲಯಗಳಲ್ಲಿ, ಮಠಗಳ ಪ್ರಸಾದ ನಿಲಯಗಳಲ್ಲಿ, ಅಥವಾ ನಾಲ್ಕು ಜನ ಕೂಡಿ ಹಿಡಿದ ಬಾಡಿಗೆ ಕೋಣೆಯಲ್ಲಿ. ಮನೆಯಲ್ಲಿ ಒಂದು ಬಚ್ಚಲಿಗೆ ಆರೇಳು ಜನ ಇದ್ದವರು ಇಲ್ಲಿ ಒಂದು ಬಚ್ಚಲಿಗೆ ಹದಿನೈದು ಜನರಾಗುತ್ತಾರೆ.

ಈ ಭಾಗದ ಮಾತಿನಲ್ಲಿ ಸ್ನಾನ ಎಂಬುದು ಪುಸ್ತಕದ ಶಬ್ದ. ಬಾಯಿಗೆ ಬರುವುದು ಜಳಕ. ಹೆಂಗಸರು ತಲೆಗೆ ನೀರು ಹಾಕಿಕೊಂಡರೆ ಅದಕ್ಕೆ ಜಳಕ ಎಂದರೆ ಸಾಲದು, ‘ಎರಕೊಂಡ್ರು’ ಎನ್ನಬೇಕು. ಈ ಎರಡು ಶಬ್ದಗಳ ನಡುವಿನ ಅಂತರ ನೀರಿನ ಲೆಕ್ಕಕ್ಕೆ ಬಹಳ ಮುಖ್ಯ. ಮೈ ಜಳಕ ಒಂದು ಬಕೆಟ್ಟಿನಲ್ಲಿ, ಹನ್ನೆರಡು ನಿಮಿಷದಲ್ಲಿ ಮುಗಿಯುತ್ತದೆ. ಮೊಣಕಾಲವರೆಗೆ ಜಡೆ ಇದ್ದವಳು ಎರಕೊಳ್ಳಲು ನಿಂತರೆ ಎರಡೂವರೆ ಬಕೆಟ್ಟು, ಇಪ್ಪತ್ತೈದು ನಿಮಿಷ. ಮಂಗಳವಾರ, ಶುಕ್ರವಾರ ಹುಡುಗಿಯರ ಹಾಸ್ಟೆಲ್ಲಿನ ಟಾಕಿ ಏಕೆ ಏಳು ಗಂಟೆಗೇ ಬರಿದಾಗುತ್ತದೆ ಎಂದು ಹೊಸದಾಗಿ ಬಂದ ಎಂಜಿನಿಯರಿಗೆ ಅರ್ಥವಾಗದಿದ್ದರೆ ಅಡುಗೆಯವಳು ಹೇಳಿಕೊಡುತ್ತಾಳೆ.

ಕೂಡಿ ಜಳಕ ಮಾಡುವುದು ಈ ನಾಡಿಗೆ ಹೊಸದಲ್ಲ. ಗಜೇಂದ್ರಗಡದ ಸಮೀಪದ ಸೂಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ನಾಗಕುಂಡ, ರಸದ ಬಾವಿ, ಈಗಲೂ ಇದೆ. ಮೆಟ್ಟಿಲು ಇಳಿದು ನೀರು ಮುಟ್ಟುವಂತೆ ಕಟ್ಟಿದ, ಒಳಗೋಡೆಗಳಿಗೂ ಕೆತ್ತನೆ ಮಾಡಿಸಿದ ಹೊಂಡ ಅದು. ಗಜೇಂದ್ರಗಡದ ಗುಡ್ಡದ ಕಾಲಕಾಲೇಶ್ವರನ ಸನ್ನಿಧಿಯಲ್ಲಿ ಅಂತರಗಂಗೆ ಬೇಸಿಗೆಯಲ್ಲೂ ನಿಲ್ಲದೆ ಸುರಿಯುತ್ತದೆ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಶಿವಯೋಗ ಮಂದಿರವನ್ನು ಬಾದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲೇ ಕಟ್ಟಿದರು. ನೂರಾರು ವಟುಗಳು ಬೆಳಗಿನ ಜಾವ ಪೂಜೆಗೆ ಮುನ್ನ ಮೀಯಬೇಕಾದ ಸಂಸ್ಥೆಗೆ ಹೊಳೆಗಿಂತ ದೊಡ್ಡ ಬಚ್ಚಲು ಎಲ್ಲಿ ಸಿಕ್ಕೀತು? ಹೊಳೆ ಇದ್ದಲ್ಲಿ ಪಾಳಿ ಇಲ್ಲ. ಕೊಣ್ಣೂರು, ಹೊಳೆಆಲೂರಿನ ಹುಡುಗರು ಇಂದಿಗೂ ಇದನ್ನೇ ಹೇಳಿ ಪೇಟೆಯ ಹಾಸ್ಟೆಲ್ಲನ್ನು ಮೂದಲಿಸುತ್ತಾರೆ. 2009ರಲ್ಲಿ, ಮತ್ತೆ 2019ರಲ್ಲಿ ಅದೇ ಹೊಳೆ ಊರೊಳಗೆ ಬಂದು ನಿಂತದ್ದನ್ನು ಮೂದಲಿಸುವಾಗ ಮರೆಯುತ್ತಾರೆ.

ಹೊಳೆ, ಹೊಂಡ, ಪಂಪ್‌ಸೆಟ್ಟಿನ ಬಾಯಿ, ಎಲ್ಲಿಯೇ ಆಗಲಿ, ಇಲ್ಲಿನ ಸಾಮೂಹಿಕ ಜಳಕದಲ್ಲಿ ಬಟ್ಟೆ ಪೂರ್ತಿ ಕಳಚುವುದಿಲ್ಲ. ಗಂಡಸರಿಗೆ ಚಡ್ಡಿ ಅಥವಾ ಪಂಚೆ, ಹೆಂಗಸರಿಗೆ ಸೀರೆಯೇ. ಜಪಾನಿನಲ್ಲಿ ಸೆಂಟೋ ಎಂಬ ಸಾರ್ವಜನಿಕ ಬಚ್ಚಲುಮನೆಯಲ್ಲಿ ನೆರೆಹೊರೆಯವರು ಬೆತ್ತಲೆ ಕೂತು ಹರಟುತ್ತಾರೆ. ಅಮೆರಿಕದ ಹಳೆಯ ಹಾಸ್ಟೆಲ್ಲುಗಳಲ್ಲಿ ಒಂದೇ ಕೋಣೆಯ ಗೋಡೆಗೆ ಹತ್ತು ಷವರು ಸಾಲಾಗಿ ಹಚ್ಚಿ ನಡುವೆ ಪರದೆಯನ್ನೂ ಬಿಡುತ್ತಿರಲಿಲ್ಲ. ಆ ತೆರೆದ ಷವರುಮನೆ ಅಗ್ಗ, ತೊಳೆಯುವುದು ಸುಲಭ, ಜಾಗ ಕಡಿಮೆ. ಆದರೆ ರೋಣದಲ್ಲಿ ಅಂಥದ್ದನ್ನು ಕಟ್ಟಿದರೆ ಅದು ಬಟ್ಟೆ ಒಗೆಯುವ ಕೋಣೆಯಾಗುತ್ತದೆ. ಅದರ ಬದಲು ಬಯಲಿನಲ್ಲಿ ಸಿಮೆಂಟಿನ ಉದ್ದ ತೊಟ್ಟಿ ಕಟ್ಟಿ ಸುತ್ತ ಕಲ್ಲು ಹಾಸಿದರೆ ಹುಡುಗರ ಹಾಸ್ಟೆಲ್ಲಿನ ಅರ್ಧ ಪಾಳಿ ಅಲ್ಲೇ ಕರಗುತ್ತದೆ. ಚಡ್ಡಿಯ ಮೇಲೆ ನಿಂತು ತಂಬಿಗೆಯಿಂದ ಹೊಯ್ದುಕೊಂಡು, ಪಕ್ಕದವನ ಬೆನ್ನು ತಿಕ್ಕಿ ಹತ್ತು ನಿಮಿಷಕ್ಕೆ ಮುಗಿಸುವ ಜಳಕಕ್ಕೆ ಗೋಡೆ ಬೇಕಿಲ್ಲ. ಹುಡುಗಿಯರ ನಿಲಯದಲ್ಲಿ ಈ ಉಳಿತಾಯದ ಮಾತೇ ಇಲ್ಲ. ಅಲ್ಲಿ ಪ್ರತಿಯೊಂದಕ್ಕೂ ಬಾಗಿಲು, ಒಳಗಿನಿಂದ ಅಗುಳಿ.

ಇನ್ನು ನೀರು. ಈ ತಾಲ್ಲೂಕುಗಳಿಗೆ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಸವದತ್ತಿ ಸಮೀಪದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಜಲಾಶಯ 37.73 ಟಿಎಂಸಿ ಹಿಡಿಯಬಲ್ಲದು, ಆದರೆ ತುಂಬುವ ವರ್ಷಗಳು ಕಡಿಮೆ. ಅದರ ಕಾಲುವೆಯ ಕರದ ಮೇಲಿನ ರೈತರ ಸಿಟ್ಟೇ 1980ರ ಜುಲೈ 21ರಂದು ನರಗುಂದದ ಬೀದಿಗೆ ಬಂದದ್ದು. 2015ರಿಂದ ಅದೇ ಊರಿನಲ್ಲಿ ಮಹದಾಯಿ ನೀರಿಗಾಗಿ ಧರಣಿ ಕೂತದ್ದೂ ಇದೇ ಕೊರತೆಗೆ. ಇಂಥ ಊರಿನ ಹಾಸ್ಟೆಲ್ಲಿಗೆ ನಳದ ನೀರು ದಿನವೂ ಬರುತ್ತದೆಂದು ನಂಬಿ ಪೈಪು ಹಾಕುವುದು ಜಾಣತನವಲ್ಲ. ಭಾರತೀಯ ಮಾನಕ ಸಂಸ್ಥೆ ಹಾಸ್ಟೆಲ್ಲಿನ ಒಬ್ಬ ವಿದ್ಯಾರ್ಥಿಗೆ ದಿನಕ್ಕೆ 135 ಲೀಟರ್ ಎಂದು ಲೆಕ್ಕ ಹಾಕಿದೆ. ನೂರು ಜನಕ್ಕೆ 13,500 ಲೀಟರ್. ಮೂರು ದಿನ ನೀರು ಬಾರದಿದ್ದರೆ ನಡೆಸಿಕೊಂಡು ಹೋಗಲು 40,000 ಲೀಟರಿನ ನೆಲಟಾಕಿ ಬೇಕು. ಟೈಲ್ಸಿಗೆ ಮೊದಲು ಈ ಟಾಕಿಗೆ ದುಡ್ಡು ಎತ್ತಿಡಬೇಕು.

ನಳ ನಿಂತಾಗ ಕೈ ಹಿಡಿಯುವುದು ಬೋರ್‌ವೆಲ್. ಎರೆಭೂಮಿಯ ಬೋರಿನ ನೀರು ಬಹುತೇಕ ಸವಳು, ಗಡಸು. ಗದಗ ಜಿಲ್ಲೆಯ ಅಂತರ್ಜಲದ ಫ್ಲೋರೈಡ್ ಕುಡಿಯುವವರ ಸಮಸ್ಯೆ. ಅದು ಚರ್ಮದಿಂದ ಒಳಗಿಳಿಯುವುದಿಲ್ಲವಾದ್ದರಿಂದ ಬಚ್ಚಲಿನಲ್ಲಿ ಅದಕ್ಕೆ ಹೆದರಬೇಕಿಲ್ಲ. ಬಚ್ಚಲಿನ ಶತ್ರು ಸುಣ್ಣ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಂದಿಗೆ ಕೂಡಿ ಕರಗದ ಜಿಗುಟು ಕಿಟ್ಟವಾಗುತ್ತವೆ. ನೊರೆ ಏಳುವುದಿಲ್ಲ, ಎದ್ದದ್ದು ಮೈಬಿಡುವುದಿಲ್ಲ. ಮೊದಲ ವರ್ಷದ ಹುಡುಗಿ ಊರಿಗೆ ಫೋನು ಹಚ್ಚಿ ‘ಹಾಸ್ಟೆಲ್ ನೀರಿಗೆ ಕೂದ್ಲ ಉದುರಾಕತ್ತಾವ’ ಎನ್ನುವುದು ಈ ಕಿಟ್ಟದ ಬಗ್ಗೆಯೇ. ಉದುರುವುದಕ್ಕೆ ಪರೀಕ್ಷೆಯ ಚಿಂತೆ, ಹಾಸ್ಟೆಲ್ಲಿನ ಸಾರು ಮುಂತಾದ ಬೇರೆ ಆರೋಪಿಗಳೂ ಇರಬಹುದು, ಆದರೆ ಕೂದಲು ಬಿರುಸಾಗಿ ಸಿಕ್ಕುಗಟ್ಟುವುದಂತೂ ನೀರಿನ ಕೆಲಸ. ಶೀಗೆಕಾಯಿ ಸಾಬೂನಿನ ಜಾತಿಯದಲ್ಲ; ಗಡಸು ನೀರಿನಲ್ಲಿ ಕಿಟ್ಟ ಕಟ್ಟುವುದಿಲ್ಲ. ಅಜ್ಜಿಯರು ಅದನ್ನೇ ಹಿಡಿದುಕೊಂಡಿದ್ದಕ್ಕೆ ರಸಾಯನಶಾಸ್ತ್ರದ ಬೆಂಬಲವೂ ಇದೆ. ಹಾಸ್ಟೆಲ್ಲಿನವರು ಮಾಡಬಹುದಾದ ಸಣ್ಣ ಏರ್ಪಾಡು ಎಂದರೆ ಬಚ್ಚಲಿನ ಸಾಲಿನ ಕೊನೆಯಲ್ಲಿ ಮಳೆನೀರಿನದೋ ಹೊಳೆಯ ನೀರಿನದೋ ಒಂದು ಪ್ರತ್ಯೇಕ ನಳ: ತಲೆಗೆ ಕೊನೆಯ ಎರಡು ತಂಬಿಗೆ ಸಿಹಿನೀರು ಸಾಕು.

ಷವರಿನ ಪ್ರಶ್ನೆಯೂ ಇಲ್ಲಿಯೇ ತೀರುತ್ತದೆ. ನಿಮಿಷಕ್ಕೆ ಎಂಟು ಹತ್ತು ಲೀಟರ್ ಸುರಿಸುವ ಷವರಿನಡಿ ಆರು ನಿಮಿಷ ನಿಂತವನು ಐವತ್ತು, ಅರವತ್ತು ಲೀಟರ್ ಖರ್ಚು ಮಾಡುತ್ತಾನೆ. ಬಕೆಟ್ಟಿನವನದು ಹದಿನೆಂಟು, ಇಪ್ಪತ್ತು. ನೀರು ಧಾರಾಳವಾಗಿದ್ದರೂ ಷವರಿಗೆ ಒತ್ತಡ ಬೇಕು. ನೀರಿನ ಟಾಕಿ ಹತ್ತು ಮೀಟರು ಮೇಲಿದ್ದರೆ ಒಂದು ಬಾರ್ ಒತ್ತಡ. ಒಂದಂತಸ್ತಿನ ಹಾಸ್ಟೆಲ್ಲಿನ ತಾರಸಿಯ ಮೇಲೆ ಕೂತ ಕಪ್ಪು ಸಿಂಟೆಕ್ಸಿನಿಂದ ಷವರಿನ ಬಾಯಿಗೆ ಎರಡು ಮೀಟರು ಎತ್ತರವೂ ಇರುವುದಿಲ್ಲ. ಬರುವುದು ಧಾರೆಯಲ್ಲ, ಹನಿ. ಆ ಹನಿಯನ್ನೂ ಸುಣ್ಣ ಬಿಡುವುದಿಲ್ಲ. ವರ್ಷ ತುಂಬುವ ಮೊದಲೇ ಜಾಲರಿಯ ತೂತುಗಳು ಒಂದೊಂದಾಗಿ ಬಿಳಿಗಟ್ಟಿ ಮುಚ್ಚುತ್ತವೆ. ಉಳಿದ ಒಂದೆರಡು ತೂತು ಗೋಡೆಯ ಕಡೆಗೆ ಚಿಮ್ಮುತ್ತವೆ. ಯಾರೋ ಜಾಲರಿ ಬಿಚ್ಚಿ ಎಸೆಯುತ್ತಾರೆ. ಗೋಡೆಯಿಂದ ಹೊರಟ ಸೊಟ್ಟ ಪೈಪಿಗೆ ಟವೆಲ್ ತೂಗುಬೀಳುತ್ತದೆ. ಸರಕಾರಿ ಅಂದಾಜುಪಟ್ಟಿಗಳಲ್ಲಿ ಷವರು ಇನ್ನೂ ಏಕೆ ಬರುತ್ತದೋ, ಟವೆಲ್ ಗೂಟಕ್ಕೆ ಅಷ್ಟು ದುಡ್ಡು ಹೆಚ್ಚಾಯಿತು.

ಬಕೆಟ್ಟು ಗೆದ್ದದ್ದು ಅಗ್ಗ ಎಂಬ ಕಾರಣಕ್ಕಷ್ಟೇ ಅಲ್ಲ. ಅದು ಅಳತೆ. ಇಷ್ಟೇ ನೀರು ಎಂದು ಕಣ್ಣಿಗೆ ಕಾಣುತ್ತದೆ. ಎರಡನೆಯದಾಗಿ, ಅದು ಪಾಳಿಯ ಚೀಟಿ. ಬೆಳಗಿನ ಐದೂವರೆಗೆ ಹುಡುಗಿಯರ ಹಾಸ್ಟೆಲ್ಲಿನ ಪಡಸಾಲೆಯಲ್ಲಿ ಮನುಷ್ಯರು ಕಾಣುವುದಿಲ್ಲ, ಬಕೆಟ್ಟುಗಳು ಸಾಲಾಗಿ ನಿಂತಿರುತ್ತವೆ. ನೀಲಿ, ಕೆಂಪು, ಹಿಡಿಕೆ ಮುರಿದು ಸುತಳಿ ಕಟ್ಟಿದ ಹಸಿರು. ಪ್ರತಿಯೊಂದರ ಮೇಲೆ ಉಗುರುಬಣ್ಣದಲ್ಲಿ ಕೋಣೆಯ ನಂಬರು, ಇಂಗ್ಲಿಷಿನ ಒಂದಕ್ಷರ. ಒಳಗೆ ಚೊಂಬು, ಚೊಂಬಿನೊಳಗೆ ಸಾಬೂನಿನ ಡಬ್ಬಿ. ಒಡತಿಯರು ಹೊದಿಕೆಯೊಳಗೇ ಇರುತ್ತಾರೆ. ಮುಂದಿನದು ಒಳಗೆ ಹೋದರೆ ಹಿಂದಿನವಳ ಬಕೆಟ್ಟನ್ನು ಕಾಲಿನಿಂದ ಸರಿಸುವ ಸದ್ದು ಗಾರೆ ನೆಲದ ಮೇಲೆ ಕೇಳುತ್ತದೆ. ಆ ಸದ್ದಿಗೇ ಅವಳಿಗೆ ಎಚ್ಚರ. ‘ನಂದು ಬಕೀಟ್ ಐತಿ’ ಎಂಬ ಮಾತಿಗೆ ನಿಲಯದ ಯಾವ ನಿಯಮಾವಳಿಗಿಂತಲೂ ಹೆಚ್ಚಿನ ಬೆಲೆ ಉಂಟು.

ಪಾಳಿ ಎಷ್ಟುದ್ದವೆಂಬುದು ಬಚ್ಚಲುಗಳ ಸಂಖ್ಯೆಯ ಮೇಲೆ. ಬೆಳಗಿನ ಮೂರು ಗಂಟೆ ಅವಧಿಯಲ್ಲಿ ತಲಾ ಹನ್ನೆರಡು ನಿಮಿಷದಂತೆ ಒಂದು ಬಚ್ಚಲು ಹದಿನೈದು ಜಳಕ ಮುಗಿಸುತ್ತದೆ. ನೂರು ಜನಕ್ಕೆ ಏಳು ಸಾಕು ಎಂದು ಕಾಗದ ಹೇಳುತ್ತದೆ. ಕಾಗದಕ್ಕೆ ನಿದ್ದೆ ಗೊತ್ತಿಲ್ಲ. ಐದೂವರೆಗೆ ಏಳುವವರು ಹತ್ತು ಜನ. ಉಳಿದವರೆಲ್ಲ ಆರೂವರೆಯಿಂದ ಎಂಟರೊಳಗೆ ಬರುತ್ತಾರೆ. ಆ ಒಂದೂವರೆ ಗಂಟೆಗೆ ಹನ್ನೆರಡು ಬಚ್ಚಲು ಬೇಕು. ಬಚ್ಚಲನ್ನೂ ಪಾಯಿಖಾನೆಯನ್ನೂ ಒಂದೇ ಕೋಣೆಯಲ್ಲಿ ಕೂಡಿಸಿದರೆ ಈ ಲೆಕ್ಕವೂ ಕೆಡುತ್ತದೆ, ಏಕೆಂದರೆ ಒಂದಕ್ಕೆ ಹೋದವನು ಎರಡಕ್ಕೂ ಅಗುಳಿ ಹಾಕಿಕೊಂಡಂತೆ. ಬೇರೆ ಬೇರೆ ಕಟ್ಟುವ ಹಳೆಯ ಪದ್ಧತಿ ಮಡಿಯಿಂದ ಬಂದಿರಬಹುದು, ಪಾಳಿಯ ಗಣಿತವೂ ಅದರ ಪರವೇ ಇದೆ.

ಕೋಣೆಗೊಂದು ಬಚ್ಚಲು ಎಂಬುದು ಈಗಿನ ಆಸೆ. ಪೋಷಕರಿಗೆ ತೋರಿಸಲು ಚೆನ್ನ. ಕಾಯಿಲೆಯವರಿಗೆ, ಕಾಲು ಮುರಿದುಕೊಂಡವರಿಗೆ, ವಿಕಲಚೇತನರಿಗೆ ಅದು ಬೇಕೇ ಬೇಕು. ನೆಲಮಹಡಿಯಲ್ಲಿ ಅಗಲ ಬಾಗಿಲಿನ, ಗೋಡೆಗೆ ಹಿಡಿಕೆ ಇರುವ, ಹೊಸ್ತಿಲಿಲ್ಲದ ಎರಡು ಮೂರು ಅಂಥ ಕೋಣೆ ಇರದ ನಿಲಯವನ್ನು ಪೂರ್ತಿ ಕಟ್ಟಿದ್ದೆಂದು ಕರೆಯಲಾಗದು. ಆದರೆ ಎಲ್ಲ ಕೋಣೆಗೂ ಎಂದರೆ ಮೂವತ್ತು ಕಡೆ ನಳ, ಮೂವತ್ತು ಕಡೆ ಮೋರಿ, ಮೂವತ್ತು ಕಡೆ ಸೋರಿಕೆ. ಸೋರಿದ್ದು ಯಾರಿಗೂ ಕಾಣುವುದಿಲ್ಲ. ಸಾಲು ಬಚ್ಚಲಿನಲ್ಲಿ ಒಂದು ನಳ ತೊಟ್ಟಿಕ್ಕಿದರೆ ನೂರು ಜನ ದೂರುತ್ತಾರೆ.

ನೀರು ಕಾಯಿಸುವುದು ಪ್ರತ್ಯೇಕ ಶಾಸ್ತ್ರ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಗೆರೆ ಬರೆದು, ಹಿಂಡ್ಲಿ ಬಳ್ಳಿ ಸುತ್ತುವ ಮನೆಗಳಿಂದ ಬಂದವರಿಗೆ ಬಿಸಿನೀರಿಲ್ಲದ ಜಳಕ ಜಳಕವೇ ಅಲ್ಲ. ಹಾಸ್ಟೆಲ್ಲಿನಲ್ಲಿ ಇದರ ಕಳ್ಳದಾರಿ ಬಕೆಟ್ಟಿನಲ್ಲಿ ಮುಳುಗಿಸುವ ಕರೆಂಟಿನ ಕಾಯಿಲ್. ಇಪ್ಪತ್ತು ಲೀಟರ್ ನೀರನ್ನು ಇಪ್ಪತ್ತು ಡಿಗ್ರಿ ಏರಿಸಲು ಎರಡು ಕಿಲೋವ್ಯಾಟಿನ ಕಾಯಿಲ್ಲಿಗೆ ಹದಿನಾಲ್ಕು ನಿಮಿಷ ಬೇಕು. ಒಂದೇ ಹೊತ್ತಿಗೆ ಐದು ಕೋಣೆಯವರು ಹಚ್ಚಿದರೆ ಫ್ಯೂಸು ಹಾರುತ್ತದೆ, ಅಷ್ಟರಿಂದಲೇ ವಾರ್ಡನ್ನರಿಗೆ ಗುಟ್ಟು ತಿಳಿಯುತ್ತದೆ. ನೀರು ಬಿಸಿಯಾದಾಗ ಅದರ ಸುಣ್ಣ ಬಿಟ್ಟುಕೊಳ್ಳುವುದರಿಂದ ಸುರುಳಿಯ ಮೇಲೆ ಬೂದುಬಿಳಿ ಚಿಪ್ಪು ಏರುತ್ತದೆ. ಚಿಪ್ಪು ದಪ್ಪವಾದಷ್ಟು ಶಾಖ ನೀರಿಗೆ ದಾಟದೆ ಸುರುಳಿಯೇ ಸುಟ್ಟುಹೋಗುತ್ತದೆ. ಹಬ್ಬಕ್ಕೆ ಹುಣಸೆಹುಳಿಯಲ್ಲಿ ಅದನ್ನು ತಿಕ್ಕಿ ಇಡುವ ಜಾಣರೂ ಇದ್ದಾರೆ.

ಬಿಸಿಲಿಗೆ ಕೊರತೆ ಇಲ್ಲದ ಈ ಬಯಲಿಗೆ ಸೌರ ಹೀಟರ್ ಒಪ್ಪುತ್ತದೆ. ಅರವತ್ತು ಡಿಗ್ರಿಯ ಎಂಟು ಲೀಟರ್ ನೀರಿಗೆ ಹತ್ತು ಲೀಟರ್ ತಣ್ಣೀರು ಬೆರೆಸಿದರೆ ನಲವತ್ತು ಡಿಗ್ರಿಯ ಒಂದು ಬಕೆಟ್ಟು ಸಿಗುತ್ತದೆ. ನೂರು ಜನಕ್ಕೆ 800 ಲೀಟರ್. ಸಾವಿರ ಲೀಟರಿನ ಟಾಕಿ, ಸುಮಾರು ಇಪ್ಪತ್ತು ಚದರ ಮೀಟರ್ ಫಲಕ ಸಾಕು. ಗಡಸು ನೀರು ನೇರ ಫಲಕದೊಳಗೆ ಹರಿದರೆ ಅಲ್ಲಿಯೂ ಚಿಪ್ಪು ಕಟ್ಟುತ್ತದೆ, ಅದಕ್ಕೇ ಶಾಖ ವಿನಿಮಯಕ ಇರುವ ಬಗೆಯನ್ನು ಕೊಳ್ಳಬೇಕು. ಕೊಟೇಶನ್ ಹೆಚ್ಚಾಯಿತೆಂದು ಅದನ್ನು ಹೊಡೆದುಹಾಕಿದವರು ಮೂರನೇ ವರ್ಷಕ್ಕೆ ಹೊಸ ಹೀಟರ್ ಕೊಳ್ಳುತ್ತಾರೆ. ಬಿಸಿನೀರಿನ ಪೈಪನ್ನು ಪ್ರತಿ ಬಚ್ಚಲಿಗೂ ಎಳೆಯಬಾರದು. ರಾತ್ರಿಯಿಡೀ ಪೈಪಿನಲ್ಲಿ ತಣ್ಣಗಾದ ನೀರನ್ನು ಪ್ರತಿಯೊಬ್ಬರೂ ‘ಬಿಸಿ ಬರಲಿ’ ಎಂದು ಮೋರಿಗೆ ಬಿಡುತ್ತಾರೆ. ಪಡಸಾಲೆಯ ತುದಿಯಲ್ಲಿ ಒಂದೇ ಕಡೆ ಎರಡು ಬಿಸಿನೀರ ನಳ ಇಟ್ಟರೆ ಅರ್ಧ ಬಕೆಟ್ಟು ಹಿಡಿದುಕೊಂಡು ಒಳಗೆ ಹೋಗುತ್ತಾರೆ. ಎರಡನೇ ಬಕೆಟ್ಟಿಗೆ ಬಂದವರನ್ನು ಉಳಿದವರು ನೋಡಿಕೊಳ್ಳುತ್ತಾರೆ. ಆಷಾಢದಲ್ಲಿ ಮೋಡ ಮುಸುಕಿ, ಗಜೇಂದ್ರಗಡದ ಗುಡ್ಡದ ಗಾಳಿಗಿರಣಿಗಳು ಹಗಲಿರುಳು ತಿರುಗುವ ವಾರಗಳಲ್ಲಿ ಸೂರ್ಯ ಕೈಕೊಡುತ್ತಾನೆ. ಆಗ ಹಿತ್ತಲ ಒಲೆ, ತಾಮ್ರದ ಬಾಯ್ಲರು, ಹೊಲದಿಂದ ಬಂದ ಹತ್ತಿಕಟಗಿ.

ಗೋಡೆ ಬಾಗಿಲುಗಳ ವಿಷಯ ಚಿಕ್ಕದು, ತಪ್ಪುಗಳು ಮಾತ್ರ ದೊಡ್ಡವು. ಒಂದು ಬಚ್ಚಲಿಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಕನಿಷ್ಠ ಅಳತೆ 1.8 ಚದರ ಮೀಟರ್. ಕೂತು ಮೀಯುವವರಿಗೆ, ಬಟ್ಟೆ ಹಿಂಡುವವರಿಗೆ ಅದು ಸರಿಹೋಗುತ್ತದೆ. ಮರದ ಬಾಗಿಲು ಎರಡು ಮಳೆಗಾಲಕ್ಕೆ ಕೆಳಗಿನಿಂದ ಕೊಳೆತು ಗೇಣುದ್ದ ಸಂದಿ ಬಿಡುತ್ತದೆ. ಪಿವಿಸಿ ಬಾಗಿಲು ಕೊಳೆಯುವುದಿಲ್ಲ, ಆದರೆ ಅಗುಳಿಯ ಸ್ಕ್ರೂ ಕಿತ್ತುಬರುತ್ತದೆ. ಒಣಬಟ್ಟೆ ಇಡಲು ನೀರು ಸಿಡಿಯದ ಎತ್ತರದಲ್ಲಿ ಕಲ್ಲಿನ ಹಲಗೆ, ಮೂರು ಗಟ್ಟಿ ಗೂಟ, ಸಾಬೂನಿಗೆ ಗೋಡೆಯಲ್ಲೇ ಗೂಡು: ಇಷ್ಟಿಲ್ಲದ ಬಚ್ಚಲಿನಲ್ಲಿ ಹುಡುಗಿ ಒಂದು ಕೈಯಲ್ಲಿ ಬಟ್ಟೆ ಹಿಡಿದೇ ಮೀಯಬೇಕು. ಗವಾಕ್ಷಿ ಕೈಗೆಟುಕದ ಎತ್ತರದಲ್ಲಿ, ಮಸಕು ಗಾಜಿನದಾಗಿ, ಬಯಲ ಕಡೆಗೆ ತೆರೆಯಬೇಕು. ಎಲ್ಲರ ಕೈಯಲ್ಲೂ ಕ್ಯಾಮೆರಾ ಇರುವ ಕಾಲದಲ್ಲಿ ಪಕ್ಕದ ಬಚ್ಚಲಿನ ಗೋಡೆ ಛಾವಣಿಯವರೆಗೆ ಮುಟ್ಟಲೇಬೇಕು. ಮುಟ್ಟಿನ ದಿನಗಳಿಗೆಂದು ಮುಚ್ಚಳದ ಡಬ್ಬಿ ಪ್ರತಿಯೊಂದರಲ್ಲೂ ಇರಬೇಕು, ಸಾಲಿಗೊಂದಲ್ಲ.

ನೆಲದಲ್ಲಿ ಕಥೆ ಮತ್ತೆ ಮಣ್ಣಿಗೆ ಬರುತ್ತದೆ. ರೋಣ, ನರಗುಂದದ ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಟೈಲ್ಸಿನ ಬಿಳಿಕಿಟ್ಟ ಹೋಗಲೆಂದು ವಾರಕ್ಕೊಮ್ಮೆ ಆ್ಯಸಿಡ್ ಸುರಿಯುತ್ತಾರೆ. ಆ್ಯಸಿಡ್ ಕಿಟ್ಟದ ಜೊತೆ ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ಸಂದಿಯಿಂದ ನೀರು ಇಳಿಯುತ್ತದೆ. ಕೆಳಗಿನ ಎರೆ ಆ ಒಂದು ಮೂಲೆಯಲ್ಲಿ ಮಾತ್ರ ಉಬ್ಬಿ ಗೋಡೆಗೆ ಓರೆ ಬಿರುಕು ಬರುತ್ತದೆ. ಬಿರುಕಿಗೆ ಸಿಮೆಂಟ್ ತುಂಬುವವರು ಸಂದಿಯ ಕಡೆ ನೋಡುವುದೇ ಇಲ್ಲ. ಬಚ್ಚಲಿನ ಸಾಲನ್ನು ಮುಖ್ಯ ಕಟ್ಟಡಕ್ಕೆ ಅಂಟಿಸದೆ, ಮಾಡು ಇರುವ ಪಡಸಾಲೆಯಿಂದ ಜೋಡಿಸಿ ಬೇರೆ ಪಾಯದ ಮೇಲೆ ನಿಲ್ಲಿಸುವುದು ಇದಕ್ಕೇ. ನೆಲಕ್ಕೆ ನಯ ಮಾಡದ ಒರಟು ಕಲ್ಲೇ ಮೇಲು, ಸಾಬೂನು ನೀರಿನಲ್ಲೂ ಕಾಲು ಹಿಡಿಯುತ್ತದೆ. ಮೀಟರಿಗೆ ಎರಡು ಸೆಂಟಿಮೀಟರ್ ಇಳಿಜಾರು, ತುದಿಗೆ ನಾನಿ ಟ್ರ್ಯಾಪು. ಗೌಂಡಿಗಳ ಬಾಯಲ್ಲಿ ನಾನಿ ಎಂದರೆ ಅಜ್ಜಿ ಅಲ್ಲ, ಮರಾಠಿಯ ನ್ಹಾಣಿ, ಅಂದರೆ ಬಚ್ಚಲೇ.

ಮೋರಿಯ ನೀರನ್ನು ಇಂಗುಗುಂಡಿಗೆ ಬಿಡುವ ಸಲಹೆ ಗಜೇಂದ್ರಗಡದ ಕಲ್ಲುಮಿಶ್ರಿತ ನೆಲದಲ್ಲಿ ನಡೆದೀತು. ಎರೆಯಲ್ಲಿ ಗುಂಡಿ ಇಂಗುವುದಿಲ್ಲ, ತುಂಬಿ ನಿಲ್ಲುತ್ತದೆ. ನರಗುಂದದ ಹಳೆ ಪೇಟೆಯ ನೆಲದಡಿಯಲ್ಲಿ ಕಾಳು ತುಂಬಿಡುತ್ತಿದ್ದ ಹಗೇವುಗಳಿವೆ. ಮೇಲೆ ಮನೆ ಕಟ್ಟಿದವರಿಗೂ ಅವು ಎಲ್ಲಿವೆ ಎಂಬುದು ಮರೆತುಹೋಗಿದೆ. ನೆಲದೊಳಗೆ ನೀರೇರಿ ಅವು ಕುಸಿದಾಗ ಮನೆಯ ನಡುವೆಯೇ ನೆಲ ಬಾಯಿ ತೆರೆದದ್ದನ್ನು ಊರು ಇತ್ತೀಚಿನ ವರ್ಷಗಳಲ್ಲಿ ಕಂಡಿದೆ. ಅಲ್ಲಿ ಹಾಸ್ಟೆಲ್ ಕಟ್ಟುವವರು ಹಿರಿಯರನ್ನು ಕರೆದು ಹಗೇವು ಎಲ್ಲಿತ್ತೆಂದು ಕೇಳಿಯೇ ಮೋರಿಯ ದಾರಿ ಗುರುತಿಸಬೇಕು. ಬಚ್ಚಲಿನ ನೀರಿಗೆ ಪಾಯಿಖಾನೆಯ ಪೈಪು ಸೇರಿಸದೆ, ಕಸ ತಡೆಯುವ ಒಂದು ತೊಟ್ಟಿ ದಾಟಿಸಿ ಕಟ್ಟಡದಿಂದ ದೂರದ ಬಾಳೆ, ತೆಂಗಿನ ಪಾತಿಗೆ ಬಿಟ್ಟರೆ ಆ ಗಿಡಗಳು ನೀರಿನ ಬರದಲ್ಲೂ ಹಸಿರಾಗಿರುತ್ತವೆ.

ಏಪ್ರಿಲ್, ಮೇ ತಿಂಗಳಲ್ಲಿ ನಿಲಯ ಖಾಲಿ. ಮೀಯುವವರಿಲ್ಲದೆ ಟ್ರ್ಯಾಪಿನ ನೀರು ಬಿಸಿಲಿಗೆ ಆರಿಹೋಗಿ, ಮೋರಿಯ ವಾಸನೆಯೂ ಜಿರಳೆಯೂ ಮೇಲೆ ಬರುತ್ತವೆ. ರಜೆಯಲ್ಲಿ ಕಾವಲಿಗೆ ಉಳಿದವನು ವಾರಕ್ಕೊಮ್ಮೆ ಪ್ರತಿ ಟ್ರ್ಯಾಪಿಗೆ ಎರಡು ಚರಿಗೆ ನೀರು ಹಾಕುತ್ತಾನೆ, ಉಳಿದದ್ದನ್ನು ಬಾಳೆಗೆ ಸುರಿಯುತ್ತಾನೆ.